ಗೋಡೆಯ ಪಾಯಿಂಟಿಗೆ ತಕ್ಕ ವೆಲ್ಡಿಂಗ್ ಮಷಿನ್

ದಕ್ಷಿಣ ಬೆಂಗಳೂರಿನ ಯಾವ ಅಡ್ಡರಸ್ತೆಗೆ ಹೊಕ್ಕರೂ ಕಬ್ಬಿಣ ಕಣ್ಣಿಗೆ ಬೀಳುತ್ತದೆ. ಕಾಂಪೌಂಡಿನ ಗೇಟು, ಕಿಟಕಿಯ ಗ್ರಿಲ್ಲು, ಬಾಲ್ಕನಿಗೆ ಆಮೇಲೆ ಕೂರಿಸಿದ ಜಾಲರಿ, ತಾರಸಿಯಲ್ಲಿ ಸೋಲಾರ್ ಹೀಟರಿನ ಸ್ಟ್ಯಾಂಡು, ಬಟ್ಟೆ ಒಣಗಿಸಲು ಹಾಕಿದ ಶೀಟಿನ ಚಪ್ಪರ, ಬಾಡಿಗೆ ಮನೆಗೆಂದು ಪಕ್ಕದಲ್ಲಿ ಏರಿಸಿದ ಕಬ್ಬಿಣದ ಮೆಟ್ಟಿಲು. ನಾಲ್ಕು ಮಳೆಗಾಲ ಕಂಡ ಮೇಲೆ ಇದರಲ್ಲಿ ಎಲ್ಲೋ ಒಂದು ಕಡೆ ತುಕ್ಕು ಹಿಡಿದು ಬೆಸುಗೆ ಬಿಡುತ್ತದೆ. ಆ ಒಂದಿಂಚಿನ ಬೆಸುಗೆಗೆ ಗ್ರಿಲ್ ಕೆಲಸದವರನ್ನು ಹುಡುಕಿ ಹೊರಟರೆ, ದೊಡ್ಡ ಕೆಲಸ ಬಿಟ್ಟು ಬರಲು ಅವರಿಗೆ ಪುರುಸೊತ್ತಿಲ್ಲ. ಬಂದವರು ಅರ್ಧ ದಿನದ ಕೂಲಿ ಕೇಳುವುದೂ ನ್ಯಾಯವೇ. ಹಾಗಾಗಿ ಸ್ವಲ್ಪ ಕೈಕೆಲಸ ಬಲ್ಲ ಮನೆಗಳಲ್ಲಿ ಡ್ರಿಲ್ಲು, ಗ್ರೈಂಡರ್ ಆದ ಮೇಲೆ ಮುಂದಿನ ಮಾತು ವೆಲ್ಡಿಂಗ್ ಮಷಿನ್ನಿನದೇ ಆಗಿದೆ. ಐದಾರು ಕೆ.ಜಿ. ತೂಕ, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ, ಮುಖದ ಮೇಲೆ ದೊಡ್ಡಕ್ಷರದಲ್ಲಿ 200 ಅಥವಾ 250 ಎಂಬ ಅಂಕಿ. ಬೆಲೆ 5,000 ರೂಪಾಯಿಯ ಆಸುಪಾಸಿನಿಂದ ಶುರುವಾಗಿ 15,000 ದಾಟುತ್ತದೆ. ಯಾವುದನ್ನು ಕೊಳ್ಳಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಡಬ್ಬದ ಮೇಲಿನ ಅಂಕಿಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಮನೆಯ ಗೋಡೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಯ ಪಾಯಿಂಟು ಎಷ್ಟು ಕರೆಂಟು ಕೊಡಬಲ್ಲದು, ಅದರ ಹಿಂದಿನ ವೈರು ಎಷ್ಟು ತಾಳುತ್ತದೆ, ಆ ಕರೆಂಟಿನಲ್ಲಿ ಯಾವ ಗಾತ್ರದ ರಾಡು ಉರಿಯುತ್ತದೆ ಎಂಬ ಮೂರು ಲೆಕ್ಕ ಆದಮೇಲೆ ಮಷಿನ್ನಿನ ಆಯ್ಕೆ ಅರ್ಧಕ್ಕರ್ಧ ತಾನಾಗಿಯೇ ಆಗುತ್ತದೆ.

ಮೊದಲು ಹಳೆಯ ಮಷಿನ್ನಿನ ಮಾತು. ಇಪ್ಪತ್ತು ವರ್ಷದ ಹಿಂದೆ ಮನೆಗೆ ಗ್ರಿಲ್ ಕೆಲಸ ಮಾಡಿಸಿದವರಿಗೆ ಆ ದೃಶ್ಯ ನೆನಪಿರುತ್ತದೆ. ಇಬ್ಬರು ಹಿಡಿದು ಇಳಿಸುವ ಕಬ್ಬಿಣದ ಪೆಟ್ಟಿಗೆ, ಒಳಗೆ ತಾಮ್ರ ಅಥವಾ ಅಲ್ಯೂಮಿನಿಯಂ ಸುತ್ತಿದ ಟ್ರಾನ್ಸ್‌ಫಾರ್ಮರ್. ಅದಕ್ಕೆ ಯಾವ ಪ್ಲಗ್ಗೂ ಸಾಲದೆ ಮೀಟರ್ ಬೋರ್ಡಿನಲ್ಲೇ ವೈರು ಸಿಕ್ಕಿಸುತ್ತಿದ್ದರು. ರಾಡು ಮುಟ್ಟಿಸಿದಾಗಲೆಲ್ಲ ಪಕ್ಕದ ಮನೆಯ ಬಲ್ಬು ಮಂಕಾಗುತ್ತಿತ್ತು. ಇದಕ್ಕೆ ಕಾರಣ ಸರಳ. ಟ್ರಾನ್ಸ್‌ಫಾರ್ಮರ್ ಮಷಿನ್ ಕಿಡಿ ಹೊತ್ತಿಸಲು ಸುಮಾರು 75 ವೋಲ್ಟ್ ಇಟ್ಟುಕೊಂಡಿರುತ್ತದೆ. ಕಿಡಿ ಹೊತ್ತಿದ ಮೇಲೆ ಅದಕ್ಕೆ ಬೇಕಾದದ್ದು 23–24 ವೋಲ್ಟ್ ಮಾತ್ರ. ಆದರೂ ಮೈನಿನಿಂದ ಎಳೆಯುವ ಹೊರೆ ಆ 75ರ ಲೆಕ್ಕದಲ್ಲೇ ಇರುತ್ತದೆ. 80 ಆ್ಯಂಪ್ಸ್ ವೆಲ್ಡಿಂಗಿಗೆ 75ನ್ನು 80ರಿಂದ ಗುಣಿಸಿದರೆ 6,000 ವೋಲ್ಟ್-ಆ್ಯಂಪಿಯರ್. 230 ವೋಲ್ಟಿನ ಮನೆಯಲ್ಲಿ ಅದು 26 ಆ್ಯಂಪ್ಸ್. ಯಾವ ಮನೆಯ 16 ಆ್ಯಂಪ್ಸ್ ಪಾಯಿಂಟೂ ಅದನ್ನು ತಾಳುವುದಿಲ್ಲ. ಈ ಮಷಿನ್‌ಗಳು ಗಟ್ಟಿಮುಟ್ಟು, ಸುಟ್ಟರೆ ರೀವೈಂಡಿಂಗ್ ಮಾಡಿಸಬಹುದು, ಧೂಳಿಗೆ ಹೆದರುವುದಿಲ್ಲ. ವರ್ಕ್‌ಶಾಪಿನವರು ಇಂದಿಗೂ ಇವನ್ನು ಬಿಟ್ಟುಕೊಡದಿರಲು ಅದೇ ಕಾರಣ. ಮನೆಗೆ ಮಾತ್ರ ಇದು ಬೇಡ. ಅಗ್ಗಕ್ಕೆ ಸಿಕ್ಕಿತೆಂದು ಸೆಕೆಂಡ್ ಹ್ಯಾಂಡ್ ಟ್ರಾನ್ಸ್‌ಫಾರ್ಮರ್ ತಂದವರು ಆಮೇಲೆ ಎಂಸಿಬಿ ತೆಗೆದು ಅದಕ್ಕಿಂತ ದೊಡ್ಡದು ಹಾಕಿಸಲು ಹೊರಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಈಗ ಬರುವ ಚಿಕ್ಕ ಮಷಿನ್ ಇನ್ವರ್ಟರ್ ಜಾತಿಯದು. ಮೈನಿನ 50 ಹರ್ಟ್ಸ್ ಕರೆಂಟನ್ನು ಮೊದಲು ಡಿಸಿ ಮಾಡಿ, ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಅಂಗೈಯಗಲದ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಮತ್ತೆ ಡಿಸಿ ಮಾಡಿ ರಾಡಿಗೆ ಕೊಡುತ್ತದೆ. ಕತ್ತರಿಸುವ ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರಿನ ಗಾತ್ರ ಇಳಿಯುತ್ತದೆ. ಐವತ್ತು ಕೆ.ಜಿ.ಯ ಪೆಟ್ಟಿಗೆ ಐದು ಕೆ.ಜಿ.ಗೆ ಇಳಿದದ್ದು ಹೀಗೆ. ಕರೆಂಟು ಡಿಸಿಯಾದ್ದರಿಂದ ಕಿಡಿ ಮೆತ್ತಗೆ, ಒಂದೇ ಸಮ ಉರಿಯುತ್ತದೆ. 40–50 ಆ್ಯಂಪ್ಸಿನಲ್ಲೂ ನಂದುವುದಿಲ್ಲ. ತೆಳು ಪೈಪಿನ ಕೆಲಸವೇ ಹೆಚ್ಚಾಗಿರುವ ಮನೆಗೆ ಇದು ದೊಡ್ಡ ಅನುಕೂಲ. ಅಂದಹಾಗೆ, ಕರೆಂಟು ಹೋದಾಗ ಫ್ಯಾನು ತಿರುಗಿಸುವ ಬ್ಯಾಟರಿ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಯುಪಿಎಸ್ ಲೈನಿನ ಪಾಯಿಂಟಿಗೆ ವೆಲ್ಡಿಂಗ್ ಮಷಿನ್ ಯಾವತ್ತೂ ಚುಚ್ಚಬಾರದು.

ಇನ್ನು ಲೆಕ್ಕ. ರಾಡಿನ ವೆಲ್ಡಿಂಗಿನಲ್ಲಿ ಕಿಡಿಯ ವೋಲ್ಟೇಜಿಗೆ ಒಪ್ಪಿತವಾದ ಒಂದು ಸೂತ್ರವಿದೆ: ಆ್ಯಂಪ್ಸನ್ನು 0.04ರಿಂದ ಗುಣಿಸಿ 20 ಕೂಡಿಸಬೇಕು. 80 ಆ್ಯಂಪ್ಸಿಗೆ 23.2 ವೋಲ್ಟ್ ಬರುತ್ತದೆ. ಅಂದರೆ ಕಿಡಿಯಲ್ಲಿ ಖರ್ಚಾಗುವುದು ಸುಮಾರು 1,860 ವ್ಯಾಟ್. ಮಷಿನ್ನಿನ ಒಳನಷ್ಟ ಸೇರಿಸಿದರೆ ಮೈನಿನಿಂದ 2,200 ವ್ಯಾಟ್ ಬೇಕು. ಸಾಧಾರಣ ಇನ್ವರ್ಟರಿನ ಪವರ್ ಫ್ಯಾಕ್ಟರ್ 0.7ರ ಹತ್ತಿರ ಇರುವುದರಿಂದ ವೈರಿನಲ್ಲಿ ನಿಜವಾಗಿ ಹರಿಯುವುದು 13–14 ಆ್ಯಂಪ್ಸ್. ಇದು 16 ಆ್ಯಂಪ್ಸ್ ಪಾಯಿಂಟಿನೊಳಗೆ ಕೂರುತ್ತದೆ. 100 ಆ್ಯಂಪ್ಸಿಗೆ ಏರಿಸಿದರೆ ಹದಿನೇಳೂವರೆ ಆಗುತ್ತದೆ. 16ರ ಎಂಸಿಬಿ ಇಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ನಿಮಿಷಗಟ್ಟಲೆ ತಡೆಯುತ್ತದೆ, ಆದರೆ ಪ್ಲಗ್ಗಿನ ಪಿನ್ನುಗಳು ಬಿಸಿಯಾಗತೊಡಗುತ್ತವೆ. ಇನ್ನು 200 ಆ್ಯಂಪ್ಸ್ ಬೇಕೆಂದರೆ ಇದೇ ಲೆಕ್ಕದಲ್ಲಿ ಮೈನಿನಿಂದ 40 ಆ್ಯಂಪ್ಸ್ ಎಳೆಯಬೇಕು. ಡಬ್ಬದ ಮೇಲೆ 200 ಎಂದು ಬರೆದ ಮಷಿನ್, 16 ಆ್ಯಂಪ್ಸಿನ ಗೋಡೆಗೆ ಬಂದ ಮೇಲೆ 80–100ರ ಮಷಿನ್ನೇ. 250 ಎಂದು ಬರೆದದ್ದೂ ಅಷ್ಟೇ.

ಇದರಿಂದ ನಿರಾಶೆಯಾಗಬೇಕಿಲ್ಲ. ಮನೆಗೆಲಸಕ್ಕೆ 80 ಆ್ಯಂಪ್ಸ್ ಧಾರಾಳ ಸಾಕು. ರಾಡಿನ ಮಾತು ಬಂದಾಗ ಅದು ತಿಳಿಯುತ್ತದೆ.

ಪಾಯಿಂಟನ್ನು ಅಳೆಯಲು ಮನೆಯಲ್ಲೇ ಒಂದು ಮಾಪನವಿದೆ, ಅದೇ ಗೀಸರ್. 3 ಕಿಲೊವ್ಯಾಟಿನ ಗೀಸರ್ 13 ಆ್ಯಂಪ್ಸ್ ಎಳೆಯುತ್ತದೆ; 80 ಆ್ಯಂಪ್ಸಿನ ವೆಲ್ಡಿಂಗೂ ಹೆಚ್ಚುಕಡಿಮೆ ಅಷ್ಟೇ. ಅಂಥ ಗೀಸರನ್ನು ಅರ್ಧ ಗಂಟೆ ನಡೆಸಿ ಪ್ಲಗ್ಗು ಬಿಸಿಯಾಗದ ಲೈನು ಚಿಕ್ಕ ಮಷಿನ್ನಿಗೂ ಆಗುತ್ತದೆ. ಸ್ನಾನದ ಮನೆಯಿಂದ ವೈರು ಎಳೆಯಿರೆಂದು ಹೇಳುತ್ತಿಲ್ಲ; ವಾಷಿಂಗ್ ಮಷಿನ್ ಪಾಯಿಂಟು, ಎಸಿಗೆಂದು ಬಿಟ್ಟ ಪಾಯಿಂಟು ಬಾಗಿಲಿಗೋ ಬಾಲ್ಕನಿಗೋ ಹತ್ತಿರ ಇರುತ್ತವೆ. ಎಸಿ ಲೈನಿಗೆ 4 ಸ್ಕ್ವೇರ್ ಎಂಎಂ ವೈರು, 20 ಆ್ಯಂಪ್ಸ್ ಎಂಸಿಬಿ ಹಾಕಿದ್ದರೆ ಇನ್ನೂ ಒಳ್ಳೆಯದು. ಟಿವಿ, ಮೊಬೈಲ್ ಚಾರ್ಜರ್ ಹಾಕುವ 6 ಆ್ಯಂಪ್ಸ್ ಪಾಯಿಂಟಿನ ಹತ್ತಿರ ಈ ಮಷಿನ್ ತರಲೇಬಾರದು. ಹಾಗೆಯೇ, ವೆಲ್ಡಿಂಗ್ ನಡೆಯುವಾಗ ಗೀಸರ್, ಇಂಡಕ್ಷನ್ ಒಲೆ ಆರಿಸಿರಬೇಕು. ಬೆಸ್ಕಾಂ ಮಂಜೂರು ಮಾಡಿದ ಲೋಡು ಎಷ್ಟೆಂದು ಬಿಲ್ಲಿನಲ್ಲಿ ಕಿಲೊವ್ಯಾಟಿನಲ್ಲಿ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಬಡಾವಣೆಯಿಂದ ಬಡಾವಣೆಗೆ ಗೋಡೆಯ ಒಳಗಿನ ಕತೆ ಬೇರೆ. ಜಯನಗರ ರೂಪುಗೊಂಡದ್ದು 1948ರಲ್ಲಿ. ಅಲ್ಲಿನ ಹಳೆಯ ಬ್ಲಾಕುಗಳಲ್ಲಿ ಇನ್ನೂ ಪಿಂಗಾಣಿ ಫ್ಯೂಸು, ಅಲ್ಯೂಮಿನಿಯಂ ವೈರು, ದುಂಡು ಪಿನ್ನಿನ 15 ಆ್ಯಂಪ್ಸ್ ಸಾಕೆಟ್ಟು ಇರುವ ಮನೆಗಳಿವೆ. ಅಲ್ಯೂಮಿನಿಯಂ ವೈರು ಸ್ಕ್ರೂ ಕೆಳಗೆ ಕಾಲಕ್ರಮೇಣ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ. ಅಂಥ ಮನೆಯವರು ಮಷಿನ್ ಕೊಳ್ಳುವ ಮೊದಲು ಮೀಟರ್ ಬೋರ್ಡಿನಿಂದ ಪೋರ್ಟಿಕೋವರೆಗೆ 4 ಸ್ಕ್ವೇರ್ ಎಂಎಂ ತಾಮ್ರದ ಹೊಸ ಲೈನು, ಅದಕ್ಕೊಂದು ಎಂಸಿಬಿ, ಸೋರಿಕೆ ಹಿಡಿಯುವ 30 ಮಿಲಿಆ್ಯಂಪ್ಸಿನ ಆರ್‌ಸಿಸಿಬಿ ಹಾಕಿಸುವುದು ಮೊದಲ ಖರ್ಚು. ಬಿಟಿಎಂ ಲೇಔಟಿನ 20×30 ಸೈಟುಗಳಲ್ಲಿ ನಾಲ್ಕು ಮಹಡಿ, ಮಹಡಿಗೊಂದು ಮೀಟರು. ತಾರಸಿಯಲ್ಲಿ ಕೆಲಸ, ಕರೆಂಟು ಮಾತ್ರ ಮೂರನೇ ಮಹಡಿಯಿಂದ ಬರಬೇಕು. ಅಲ್ಲಿ ಸಮಸ್ಯೆ ಎಕ್ಸ್‌ಟೆನ್ಷನ್ ವೈರಿನದು. ಜೆಪಿ ನಗರದ ಅಪಾರ್ಟ್‌ಮೆಂಟುಗಳಲ್ಲಿ ವೈರಿಂಗ್ ಹೊಸದು, ಎಂಸಿಬಿ ಸರಿಯಿರುತ್ತದೆ, ಆದರೆ ಕರೆಂಟು ಹೋಗಿ ಡೀಸೆಲ್ ಜನರೇಟರ್ ಬಂದಾಗ ಫ್ಲಾಟಿಗೆ ಸಿಗುವುದು ಅಲ್ಪ ಲೋಡು. ಅಲ್ಲಿ ಸಂಘದ ಅನುಮತಿ ಕೇಳಿಯೇ ಬಾಲ್ಕನಿಯಲ್ಲಿ ಕಿಡಿ ಹಾರಿಸಬೇಕು. ಬನಶಂಕರಿಯ ಸ್ಟೇಜುಗಳಲ್ಲಿ ಮನೆಯ ಕೆಳಗೇ ಗ್ಯಾರೇಜು, ವರ್ಕ್‌ಶಾಪು ಇರುವುದು ಸಾಮಾನ್ಯ. ಅಂಥ ಬೀದಿಯಲ್ಲಿ ಸಂಜೆ ವೋಲ್ಟೇಜು ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ವೋಲ್ಟೇಜು ಇಳಿದರೆ ಇನ್ವರ್ಟರ್ ಸುಮ್ಮನಿರುವುದಿಲ್ಲ, ಅದೇ ಶಕ್ತಿಗೆ ಹೆಚ್ಚು ಆ್ಯಂಪ್ಸ್ ಎಳೆಯುತ್ತದೆ: 230ರಲ್ಲಿ ಹದಿಮೂರೂವರೆ ಎಳೆಯುತ್ತಿದ್ದದ್ದು 190 ವೋಲ್ಟಿನಲ್ಲಿ 16 ದಾಟುತ್ತದೆ. ಸಂಜೆ ಏಳಕ್ಕೆ ಪದೇ ಪದೇ ಟ್ರಿಪ್ ಆಗುವ ಮಷಿನ್ ಬೆಳಿಗ್ಗೆ ಹನ್ನೊಂದಕ್ಕೆ ಸಲೀಸಾಗಿ ನಡೆಯುವುದು ಇದರಿಂದಲೇ.

ಎಕ್ಸ್‌ಟೆನ್ಷನ್ ವೈರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಸುರುಳಿ ವೈರು ಹೆಚ್ಚಾಗಿ 1 ಸ್ಕ್ವೇರ್ ಎಂಎಂ ಅಥವಾ ಅದಕ್ಕಿಂತ ತೆಳು. ಇಪ್ಪತ್ತು ಮೀಟರ್ ಉದ್ದ ಎಂದರೆ ಹೋಗಿ ಬರುವ ದಾರಿ ನಲವತ್ತು ಮೀಟರ್. 15 ಆ್ಯಂಪ್ಸ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 160 ವ್ಯಾಟ್ ಶಾಖ ವೈರಿನಲ್ಲಿ ಉಳಿಯುತ್ತದೆ. ಸುರುಳಿ ಬಿಚ್ಚದೆ ಬಳಸಿದರೆ ಆ ಶಾಖ ಒಂದೇ ಕಡೆ ಕೂಡಿ ಪ್ಲಾಸ್ಟಿಕ್ಕು ಕರಗುತ್ತದೆ. 2.5 ಸ್ಕ್ವೇರ್ ಎಂಎಂ ಮೂರೆಳೆ ವೈರು ತಂದು, ಎರಡು ತುದಿಗೆ ಐಎಸ್‌ಐ ಗುರುತಿನ 16 ಆ್ಯಂಪ್ಸ್ ಪ್ಲಗ್ಗು-ಸಾಕೆಟ್ಟು ಕಟ್ಟಿಸಿಕೊಂಡರೆ ನಷ್ಟ 5 ವೋಲ್ಟಿನೊಳಗೆ ನಿಲ್ಲುತ್ತದೆ. ನನ್ನನ್ನು ಕೇಳಿದರೆ, 2,000 ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಅಂಕಿಯ ಮಷಿನ್ ತರುವ ಬದಲು ಆ ಹಣವನ್ನು ಈ ವೈರಿಗೆ ಹಾಕುವುದು ಜಾಣತನ. ಮಷಿನ್ ಹಗುರವಾದ್ದರಿಂದ ಅದನ್ನೇ ಕೆಲಸದ ಹತ್ತಿರ ಒಯ್ಯಬೇಕು. ರಾಡ್ ಹೋಲ್ಡರಿನ ಕೇಬಲ್ಲನ್ನು ಉದ್ದ ಮಾಡಲು ಹೋಗಬಾರದು.

ಈಗ ಅಂಗಡಿಯಲ್ಲಿ ಮಷಿನ್ನನ್ನು ತಿರುಗಿಸಿ ಅದರ ಬೆನ್ನು ಅಥವಾ ಪಕ್ಕದಲ್ಲಿರುವ ತಗಡಿನ ಪಟ್ಟಿ ಓದೋಣ. ಮುಖದ ಮೇಲಿರುವುದು ಜಾಹೀರಾತು, ನಿಜವಾದ ಜಾತಕ ಇಲ್ಲಿದೆ. ಅಂತರರಾಷ್ಟ್ರೀಯ ಮಾನದಂಡ ಐಇಸಿ 60974 ಪ್ರಕಾರ ಮಾಡಿದ ಮಷಿನ್ನಿನಲ್ಲಿ ಒಂದು ಚಿಕ್ಕ ಕೋಷ್ಟಕ ಇರುತ್ತದೆ. ಮೊದಲ ಸಾಲಿನ ‘ಎಕ್ಸ್’ ಎಂದರೆ ಡ್ಯೂಟಿ ಸೈಕಲ್: ಹತ್ತು ನಿಮಿಷದಲ್ಲಿ ಎಷ್ಟು ಭಾಗ ಕಿಡಿ ಹೊತ್ತಿರಬಹುದು ಎಂಬ ಶೇಕಡಾ ಲೆಕ್ಕ, ಅದೂ 40 ಡಿಗ್ರಿ ಸೆಖೆಯಲ್ಲಿ. ಅದರ ಕೆಳಗೆ ಆಯಾ ಶೇಕಡಾವಾರಿಗೆ ಸಿಗುವ ಆ್ಯಂಪ್ಸ್. ಶೇ 20ಕ್ಕೆ 160, ಶೇ 60ಕ್ಕೆ 92, ಶೇ 100ಕ್ಕೆ 71 ಎಂಬಂತೆ ಇಳಿಯುವ ಅಂಕಿಗಳಿದ್ದರೆ ತಯಾರಕರು ನಿಜವಾಗಿ ಪರೀಕ್ಷಿಸಿ ಬರೆದಿದ್ದಾರೆಂದು ನಂಬಬಹುದು. ‘200 ಆ್ಯಂಪ್ಸ್, ಶೇ 60’ ಎಂದು ಒಂದೇ ಸಾಲಿದ್ದು, ಮಷಿನ್ ಮೂರು ಕೆ.ಜಿ. ತೂಗಿ, ಮೈನ್ ವೈರು ಬೆರಳಿಗಿಂತ ತೆಳ್ಳಗಿದ್ದರೆ ಆ ಸಾಲನ್ನು ನಂಬುವಂತಿಲ್ಲ. ಕೆಳಗಡೆ ‘ಐ ಒನ್ ಮ್ಯಾಕ್ಸ್’, ‘ಐ ಒನ್ ಎಫೆಕ್ಟಿವ್’ ಎಂಬ ಎರಡು ಅಂಕಿಗಳು ಇರುತ್ತವೆ. ಮೊದಲನೆಯದು ಮೈನಿನಿಂದ ಎಳೆಯುವ ಗರಿಷ್ಠ ಆ್ಯಂಪ್ಸ್. ಎರಡನೆಯದು ಬಿಡುವು ಲೆಕ್ಕ ಹಾಕಿದ ಮೇಲೆ ವೈರು ಅನುಭವಿಸುವ ಹೊರೆ. ನಮ್ಮ ಮನೆಗೆ ಆ ಎರಡನೇ ಅಂಕಿ 16ರೊಳಗೆ ಇರಬೇಕು. ಅಂಗಡಿಯವರು ಹೇಳದಿದ್ದರೂ ಕೊಳ್ಳುವವರು ಹುಡುಕಬೇಕಾದ ಅಂಕಿ ಇದೊಂದೇ. ಪಕ್ಕದಲ್ಲಿ ‘ಐಪಿ 21’ ಎಂದಿದ್ದರೆ ಮೇಲಿಂದ ನೇರ ಬಿದ್ದ ಹನಿಯನ್ನಷ್ಟೇ ಮಷಿನ್ ತಡೆಯುತ್ತದೆ, ಎರಚಲು ಮಳೆಯನ್ನಲ್ಲ.

ಡ್ಯೂಟಿ ಸೈಕಲ್ಲಿನ ಬಗ್ಗೆ ಅನೇಕರು ವಿನಾಕಾರಣ ತಲೆ ಕೆಡಿಸಿಕೊಳ್ಳುತ್ತಾರೆ. 2.5 ಎಂಎಂ ರಾಡು ಒಂದು ಪೂರ್ತಿ ಉರಿಯಲು ಸುಮಾರು ಒಂದು ನಿಮಿಷ. ಆಮೇಲೆ ಮುಖವಾಡ ತೆಗೆದು, ಬೆಸುಗೆಯ ಮೇಲೆ ಕಟ್ಟಿದ ಸ್ಲ್ಯಾಗ್ ಪದರ ಕುಟ್ಟಿ, ಬ್ರಷ್ ಉಜ್ಜಿ, ಕಣ್ಣಳತೆ ನೋಡಿ, ಇನ್ನೊಂದು ರಾಡು ಸಿಕ್ಕಿಸುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ. ಶೇ 30ರ ಮಷಿನ್ನಿನಲ್ಲೂ ಹತ್ತು ನಿಮಿಷಕ್ಕೆ ಮೂರು ರಾಡು ಸುಡಬಹುದು. ಮನೆಯಲ್ಲಿ ಅಷ್ಟು ಸುಡುವವರು ಅಪರೂಪ. ದಿನವಿಡೀ ಗೇಟು ಮಾಡುವವರಿಗೆ ಬೇಕಾದ ಗುಣವದು.

ರಾಡಿನ ವಿಷಯಕ್ಕೆ ಬಂದರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಎಂ ಲೆಕ್ಕಕ್ಕಿಂತ ಗೇಜಿನ ಲೆಕ್ಕವೇ ಹೆಚ್ಚು. ಎಂಟು ಗೇಜ್ ಎಂದರೆ 4 ಎಂಎಂ, ಹತ್ತು ಎಂದರೆ 3.15, ಹನ್ನೆರಡು ಎಂದರೆ 2.5. ಹನ್ನೆರಡು ಗೇಜ್ ರಾಡಿಗೆ 60ರಿಂದ 90 ಆ್ಯಂಪ್ಸ್ ಸಾಕು. ಗೋಡೆಯ ಪಾಯಿಂಟು ಕೊಡುವುದೂ ಅಷ್ಟೇ. ಹತ್ತು ಗೇಜಿಗೆ 90ರಿಂದ 130 ಬೇಕು, ಅದರ ಕೆಳತುದಿಯನ್ನು ಮಾತ್ರ ಮನೆಯಲ್ಲಿ ಮುಟ್ಟಬಹುದು. ಎಂಟು ಗೇಜ್ ರಾಡು ಮನೆಯ ಕರೆಂಟಿಗೆ ಸಲ್ಲದು. ಮನೆಯ ಕೆಲಸದ ಕಬ್ಬಿಣ ಯಾವುದು ನೋಡಿ: ಗ್ರಿಲ್ಲಿನ ಚೌಕ ಸರಳು, ಮುಕ್ಕಾಲು ಇಂಚಿನ ಪಟ್ಟಿ, ಒಂದಿಂಚು ಸ್ಕ್ವೇರ್ ಪೈಪು, ಒಂದೂವರೆ ಇಂಚು ಆ್ಯಂಗಲ್ಲು. ಪೈಪಿನ ದಪ್ಪ 18 ಗೇಜಿನದಾದರೆ 1.2 ಎಂಎಂ, 16 ಆದರೆ 1.6, 14 ಆದರೆ 2. ಇವಕ್ಕೆಲ್ಲ 2.5 ಎಂಎಂ ರಾಡು ಸಾಕು. 18 ಗೇಜಿನ ಪೈಪಿಗೆ ಅದೂ ಹೆಚ್ಚಾಗಿ ತೂತು ಬೀಳುತ್ತದೆ. 2 ಎಂಎಂ ರಾಡು ಸಿಕ್ಕರೆ 45 ಆ್ಯಂಪ್ಸಿನ ಸುಮಾರಿಗೆ ಇಟ್ಟು, ಗೆರೆ ಎಳೆಯದೆ ಚುಕ್ಕಿ ಚುಕ್ಕಿಯಾಗಿ ಟ್ಯಾಕ್ ಹಾಕುತ್ತಾ ಹೋಗಬೇಕು. ಪೈಪು ಕೊಳ್ಳುವಾಗಲೇ 16 ಗೇಜಿನದು ತಂದರೆ ಈ ಪರದಾಟವಿಲ್ಲ.

ರಾಡಿನ ಜಾತಿಗಳಲ್ಲಿ ಮನೆಗೆ ಬೇಕಾದದ್ದು ಇ6013. ಭಾರತೀಯ ಮಾನದಂಡ ಐಎಸ್ 814ರ ಗುರುತಿರುವ ಪೊಟ್ಟಣ ಕೇಳಿ. ಸುಲಭವಾಗಿ ಹೊತ್ತುತ್ತದೆ, ಸ್ಲ್ಯಾಗ್ ಸಲೀಸಾಗಿ ಬಿಡುತ್ತದೆ, ತುಸು ತುಕ್ಕನ್ನೂ ಸಹಿಸುತ್ತದೆ. ಇ7018 ರಾಡು ಹೆಚ್ಚು ಗಟ್ಟಿ ಬೆಸುಗೆ ಕೊಡುವುದು ನಿಜ, ಆದರೆ ಅದರ ಲೇಪನ ತೇವಕ್ಕೆ ಬಲು ಸೂಕ್ಷ್ಮ. 300 ಡಿಗ್ರಿ ಮೀರಿದ ಓವನ್ನಿನಲ್ಲಿ ಒಣಗಿಸಬೇಕು; ಅಡುಗೆಮನೆಯ ಓವನ್ನಿಗೆ ಆ ಶಾಖ ಇಲ್ಲ. ಲೋಹದ ರಾಡಿನ ಮೇಲೆ ಲೇಪನ ಬಳಿಯುವ ಉಪಾಯ ಕಂಡುಕೊಂಡವರು ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್. 1904ರಲ್ಲಿ ಅವರು ಸ್ಥಾಪಿಸಿದ ಇಸಾಬ್ ಕಂಪನಿಯ ರಾಡು, 1951ರಲ್ಲಿ ಅಡ್ವಾಣಿ-ಓರ್ಲಿಕಾನ್ ಎಂದು ಶುರುವಾಗಿ ಈಗ ಅಡೋರ್ ಆಗಿರುವ ಕಂಪನಿಯ ರಾಡು, ಇಂದೋರಿನ ಡಿ ಅಂಡ್ ಎಚ್ ರಾಡು ಎಲ್ಲ ನಮ್ಮ ಪೇಟೆಯಲ್ಲಿ ಸಿಗುತ್ತವೆ. ಬಿಡಿಬಿಡಿಯಾಗಿ ತೂಗಿ ಕೊಡುವ ಹೆಸರಿಲ್ಲದ ರಾಡು ತಂದು, ಕಿಡಿ ನಿಲ್ಲುತ್ತಿಲ್ಲವೆಂದು ಮಷಿನ್ನಿಗೆ ಬೈಯುವವರೂ ಇದ್ದಾರೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವದಲ್ಲಿ ರಾಡನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡಬೇಕು.

ಗೇಟಿನ ಕೆಳಗಿನ ಹಿಂಜ್ ಬಿಟ್ಟಿದೆ ಎಂದುಕೊಳ್ಳಿ. ಗೇಟಿನ ಅಡಿಗೆ ಇಟ್ಟಿಗೆ ಕೊಟ್ಟು ಭಾರ ಇಳಿಸಬೇಕು. ಹಿಂಜಿನ ಸುತ್ತ ಎರಡಿಂಚು ಪೇಂಟು, ರೆಡ್ ಆಕ್ಸೈಡು, ತುಕ್ಕು ಎಲ್ಲ ಹೋಗಿ ಬಿಳಿ ಕಬ್ಬಿಣ ಹೊಳೆಯುವವರೆಗೆ ಗ್ರೈಂಡರ್ ಹಿಡಿಯಬೇಕು. ಕೆಲಸದ ಮುಕ್ಕಾಲು ಪಾಲು ಇದೇ. ಅರ್ಥಿಂಗ್ ಕ್ಲ್ಯಾಂಪನ್ನು ಹಿಂಜಿನ ಪಕ್ಕದಲ್ಲೇ, ಉಜ್ಜಿದ ಜಾಗಕ್ಕೆ ಕಚ್ಚಿಸಬೇಕು. ದೂರದ ನೀರಿನ ಪೈಪಿಗೋ ಗ್ರಿಲ್ಲಿಗೋ ಕಚ್ಚಿಸಿದರೆ ಕರೆಂಟು ಸಿಕ್ಕ ಸಿಕ್ಕ ದಾರಿಯಲ್ಲಿ ವಾಪಸಾಗಿ ಅಲ್ಲಲ್ಲಿ ಕಿಡಿ ಕಾರುತ್ತದೆ. 75 ಆ್ಯಂಪ್ಸಿಗೆ ಇಟ್ಟು, ರಾಡನ್ನು ಬೆಂಕಿಕಡ್ಡಿ ಗೀರಿದಂತೆ ಗೀರಿ, ಹೊತ್ತಿದೊಡನೆ ರಾಡಿನ ದಪ್ಪದಷ್ಟೇ ಎತ್ತರದಲ್ಲಿ ಹಿಡಿಯಬೇಕು. ಮೊದಲು ಎರಡು ಕಡೆ ಟ್ಯಾಕ್. ಗೇಟು ತೂಗಿ ಮುಚ್ಚುತ್ತದೆಯೇ ಎಂದು ನೋಡಿ, ಆಮೇಲೆ ಪೂರ್ತಿ. ಕರಗಿದ ಲೋಹದ ಕೊಳ ದಪ್ಪ ಕಬ್ಬಿಣದ ಕಡೆ ಹೆಚ್ಚು ಹೊತ್ತು ನಿಲ್ಲಬೇಕು, ತೆಳುವಿನ ಕಡೆ ಹಾಗೆ ಬಂದು ಹೀಗೆ ಹೋಗಬೇಕು. ತಣಿದ ಮೇಲೆ ಸ್ಲ್ಯಾಗ್ ಕುಟ್ಟಿ, ಅಂದೇ ಪ್ರೈಮರ್ ಬಳಿಯಬೇಕು. ಬರಿಯ ಬೆಸುಗೆ ಒಂದು ಮಳೆಗೆ ಕೆಂಪಾಗುತ್ತದೆ. ಇದೆಲ್ಲಕ್ಕೆ ಎರಡು ರಾಡು, ಕರೆಂಟು ಒಂದು ಯೂನಿಟ್ಟೂ ಬೇಡ.

ಮಷಿನ್ನಿನ ಮೇಲೆ ಬರೆದಿರುವ ಸೌಕರ್ಯಗಳಲ್ಲಿ ಮೂರನ್ನು ಗಮನಿಸಬೇಕು. ರಾಡು ಮುಟ್ಟಿಸಿದ ಕ್ಷಣ ಹೆಚ್ಚು ಕರೆಂಟು ಕೊಡುವ ಹಾಟ್ ಸ್ಟಾರ್ಟ್, ಕಿಡಿ ಕಿರಿದಾದಾಗ ಆಸರೆ ಕೊಡುವ ಆರ್ಕ್ ಫೋರ್ಸ್, ರಾಡು ಅಂಟಿಕೊಂಡರೆ ಕರೆಂಟು ಇಳಿಸುವ ಆ್ಯಂಟಿ ಸ್ಟಿಕ್. ಹೊಸಬರಿಗೆ ಕೊನೆಯದು ನಿಜವಾದ ಉಪಕಾರಿ. ರಾಡು ಮುಟ್ಟಿಸದಿರುವಾಗ ವೋಲ್ಟೇಜನ್ನು ಇಳಿಸಿಡುವ ವಿಆರ್‌ಡಿ ಇದ್ದರೆ ಸುರಕ್ಷತೆಗೆ ಒಳ್ಳೆಯದು. ಪವರ್ ಫ್ಯಾಕ್ಟರ್ ಸರಿಪಡಿಸುವ ಪಿಎಫ್‌ಸಿ ಇರುವ ಮಷಿನ್ ಸಿಕ್ಕರೆ, ಬೆಲೆ ಹೆಚ್ಚಾದರೂ, ಅದೇ 16 ಆ್ಯಂಪ್ಸ್ ಪಾಯಿಂಟಿನಿಂದ 120 ಆ್ಯಂಪ್ಸಿನವರೆಗೆ ತೆಗೆಯಬಹುದು. ಆಗ ಹತ್ತು ಗೇಜ್ ರಾಡೂ ಕೈಗೆ ಸಿಗುತ್ತದೆ. ಗ್ಯಾಸಿಲ್ಲದೆ ತಂತಿಯಲ್ಲಿ ವೆಲ್ಡ್ ಮಾಡುವ ಚಿಕ್ಕ ಮಿಗ್ ಮಷಿನ್‌ಗಳೂ ಬಂದಿವೆ. ತೆಳು ಶೀಟಿಗೆ ಅವು ರಾಡಿಗಿಂತ ಸುಲಭ, ಆದರೆ ತಂತಿ ದುಬಾರಿ. ಮೊದಲ ಮಷಿನ್ನಾಗಿ ನಾನು ಅದನ್ನು ಹೇಳುವುದಿಲ್ಲ.

ಕೊಳ್ಳಲು ದಕ್ಷಿಣದವರಿಗೆ ಹತ್ತಿರದ ದೊಡ್ಡ ಪೇಟೆ ಎಸ್‌ಜೆಪಿ ರಸ್ತೆ. ಬನಶಂಕರಿಯಲ್ಲೋ ಜಯನಗರದಲ್ಲೋ ಮೆಟ್ರೊದ ಹಸಿರು ಮಾರ್ಗ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ನಡೆಯುವಷ್ಟು ದೂರ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಮೊದಲ ವಿದ್ಯುದ್ದೀಪ ಬೆಳಗಿದ್ದೂ ಇದೇ ಮಾರುಕಟ್ಟೆಯ ಬಳಿ. ಅಂಗಡಿಗೆ ಹೋದರೆ ಮಾತು ಹೆಚ್ಚಾಗಿ ಹೀಗೆ ನಡೆಯುತ್ತದೆ: “ಸಾರ್, ಟೂ ಹಂಡ್ರೆಡ್ ತಗೊಳ್ಳಿ, ಎಲ್ಲಾರೂ ಅದನ್ನೇ ಒಯ್ಯೋದು.” “ಸರಿ ಅಣ್ಣ, ಮನೆ ಪ್ಲಗ್ಗಲ್ಲಿ ಹನ್ನೆರಡು ಗೇಜ್ ರಾಡು ಓಡಿಸಿ ತೋರಿಸ್ತೀರಾ?” ಒಪ್ಪಿ ತೋರಿಸುವ ಅಂಗಡಿಯಿಂದಲೇ ಕೊಳ್ಳಿ. 60, 75, 90ರಲ್ಲಿ ಒಂದೊಂದು ರಾಡು ಸುಟ್ಟು ನೋಡಿದರೆ ಅಂಕಿಗಿಂತ ಹೆಚ್ಚು ತಿಳಿಯುತ್ತದೆ. ಜೊತೆಗೆ ಕೊಡುವ ಕೇಬಲ್ಲು ತಾಮ್ರದ್ದೋ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೋ ಕೇಳಿ; ತುದಿ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ತೆಳು ಕ್ಲ್ಯಾಂಪು, ಸಡಿಲ ಹೋಲ್ಡರು ಬಂದರೆ ಅಲ್ಲೇ ಬದಲಾಯಿಸಿಕೊಳ್ಳಿ. ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ, ಸರ್ವಿಸ್ ಬೆಂಗಳೂರಿನಲ್ಲೇ ಇದೆಯೇ ಎಂದು ವಿಳಾಸ ಕೇಳಿ ಬರೆದುಕೊಳ್ಳಿ. ಆನ್‌ಲೈನಿನಲ್ಲಿ ಬೆಲೆ ಕಡಿಮೆ ಇರಬಹುದು, ಆದರೆ ಕೆಟ್ಟಾಗ ಕೈಯಲ್ಲಿ ಹಿಡಿದು ಹೋಗಲು ಒಂದು ಅಂಗಡಿ ಇರುವುದು ಈ ಸಾಮಾನಿಗೆ ಬಹಳ ಮುಖ್ಯ. ಇನ್ವರ್ಟರ್ ಮಷಿನ್ ಕೆಟ್ಟರೆ ರೀವೈಂಡಿಂಗ್ ಅಂಗಡಿಯವರಿಂದ ಆಗದು, ಬೋರ್ಡು ಬಲ್ಲವರೇ ಬೇಕು. ಅದಕ್ಕೆ ಬೇಕಾದ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರಸ್ತೆ ಅಲ್ಲೇ ಸಮೀಪ ಇರುವುದು ಈ ಊರಿನ ಪುಣ್ಯ. ಈ ಮಷಿನ್‌ಗಳ ಮೊದಲ ಶತ್ರು ಗ್ರೈಂಡರಿನ ಧೂಳು. ಕಬ್ಬಿಣದ ಹುಡಿಯನ್ನು ಫ್ಯಾನು ಒಳಗೆಳೆದುಕೊಂಡು ಬೋರ್ಡಿನ ಮೇಲೆ ಹರಡಿದರೆ ಶಾರ್ಟ್ ಖಂಡಿತ. ಗ್ರೈಂಡಿಂಗ್ ಮಾಡುವಾಗ ಮಷಿನ್ ಆರಿಸಿ ದೂರ ಇಡಬೇಕು.

ಮಷಿನ್ನಿನಷ್ಟೇ ಗಮನ ಕೊಟ್ಟು ಕೊಳ್ಳಬೇಕಾದದ್ದು ಕಣ್ಣಿನ ರಕ್ಷಣೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಇಲ್ಲವೇ ಮುಖ ತಿರುಗಿಸಿ ಟ್ಯಾಕ್ ಹಾಕುವ ಹುಡುಗರನ್ನು ಈ ನಗರದ ಪ್ರತಿ ಕಟ್ಟಡದ ಕೆಲಸದಲ್ಲೂ ನೋಡುತ್ತೇವೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಿಡಿಯ ಅತಿನೇರಳೆ ಕಿರಣ ಆಗಲೇ ನೋಯಿಸುವುದಿಲ್ಲ. ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಹೊಯ್ದಂತಾಗಿ ನೀರು ಸುರಿಯುತ್ತದೆ. ಆಲೂಗಡ್ಡೆ ಚೂರು, ಹಾಲಿನ ಹನಿ ಎಂಬ ಮದ್ದುಗಳನ್ನು ಕಣ್ಣಿಗೆ ಹಾಕದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಶತಮಾನ ಮೀರಿದ ಮಿಂಟೋ ಕಣ್ಣಿನ ಆಸ್ಪತ್ರೆ ಮಾರುಕಟ್ಟೆಯ ಪಕ್ಕದಲ್ಲೇ ಇದೆ. 80–100 ಆ್ಯಂಪ್ಸಿಗೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಬೇಕು. ತಾನಾಗಿ ಕಪ್ಪಾಗುವ ಹೆಲ್ಮೆಟ್ಟು ಕೊಂಡರೆ ಎರಡೂ ಕೈ ಬಿಡುವಾಗಿರುತ್ತವೆ, ರಾಡನ್ನು ಎಲ್ಲಿ ಇಡುತ್ತಿದ್ದೇವೆಂದು ಮೊದಲೇ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. 30×40 ಸೈಟಿನಲ್ಲಿ ಪಕ್ಕದ ಮನೆಯ ಕಿಟಕಿ ಕೈಗೆಟಕುವಷ್ಟು ಹತ್ತಿರ. ಹಳೆಯ ಜಮಖಾನವನ್ನೋ ಪ್ಲೈವುಡ್ಡನ್ನೋ ಅಡ್ಡ ಕಟ್ಟಿ, ಮಕ್ಕಳನ್ನು ಒಳಗೆ ಕಳಿಸಿ, ಆಮೇಲೆ ರಾಡು ಹಿಡಿಯಬೇಕು. ಜಮಖಾನಕ್ಕೆ ಕಿಡಿ ತಾಗದಷ್ಟು ದೂರವಿರಲಿ.

ಜಿಐ ಪೈಪು, ಜಿಐ ಶೀಟಿನ ಮೇಲಿನ ಸತು ಉರಿದು ಬರುವ ಬಿಳಿ ಹೊಗೆ ಉಸಿರಿಗೆ ಹೋದರೆ ಆ ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಆಗುವುದಿಲ್ಲ ಎಂಬ ನಂಬಿಕೆ ಕೆಲಸಗಾರರಲ್ಲಿದೆ. ಹೊಗೆಗೆ ಅದು ಅಡ್ಡಿಯಲ್ಲ. ಸತುವನ್ನು ಮೊದಲೇ ಗ್ರೈಂಡರಿನಲ್ಲಿ ತೆಗೆದು, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ಕೂರಬೇಕು. ಒದ್ದೆ ತಾರಸಿ, ಹವಾಯಿ ಚಪ್ಪಲಿ, ಬೆವರಿದ ಕೈ ಮೂರೂ ಸೇರಿದಾಗ ರಾಡಿನಲ್ಲಿರುವ 70 ವೋಲ್ಟೂ ಆಪತ್ತಿನದೇ. ಚರ್ಮದ ಗ್ಲೌಸು, ಮುಚ್ಚಿದ ಬೂಟು, ಹತ್ತಿಯ ತುಂಬುತೋಳಿನ ಅಂಗಿ ಕಡ್ಡಾಯ. ಕೆಳಗೆ ಸ್ಕೂಟರ್ ನಿಲ್ಲಿಸಿದ್ದರೆ ಸರಿಸಿ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಕೆಲಸ ಮುಗಿದ ಅರ್ಧ ಗಂಟೆಯ ನಂತರ ಒಮ್ಮೆ ಹೋಗಿ ಎಲ್ಲೂ ಹೊಗೆಯಾಡುತ್ತಿಲ್ಲವೆಂದು ನೋಡಿ. ಬೈಕಿನ ಅಥವಾ ಕಾರಿನ ಭಾಗಕ್ಕೆ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ಬಿಚ್ಚಿರಬೇಕು. ಪೇಸ್‌ಮೇಕರ್ ಹಾಕಿಸಿಕೊಂಡವರು ತಮ್ಮ ಹೃದಯ ವೈದ್ಯರನ್ನು ಕೇಳದೆ ಈ ಕೆಲಸದ ಹತ್ತಿರ ಬರಬಾರದು. ಜಯದೇವ ಆಸ್ಪತ್ರೆ ನೆರೆಯಲ್ಲೇ ಇರುವ ನಮ್ಮ ಬಡಾವಣೆಗಳಲ್ಲಿ ಅಂಥವರು ಬೀದಿಗೊಬ್ಬರಾದರೂ ಇದ್ದಾರು.

ಮನೆಯ ಮಷಿನ್ನಿನಿಂದ ಮಾಡಬಾರದ ಕೆಲಸಗಳೂ ಇವೆ. ಸಾವಿರ ಲೀಟರ್ ನೀರು ಹೊರುವ ಟ್ಯಾಂಕಿನ ಸ್ಟ್ಯಾಂಡು, ಬಾಲ್ಕನಿಯ ಕಟಕಟೆ, ಜನ ಹತ್ತುವ ಮೆಟ್ಟಿಲು, ಬೈಕಿನ ಚಾಸಿ. ಮೇಲೆ ಚೆಂದ ಕಂಡ ಬೆಸುಗೆ ಒಳಗೆ ಕಚ್ಚಿಲ್ಲದೆ ಇರಬಹುದು. ಅದು ಹೊರನೋಟಕ್ಕೆ ತಿಳಿಯುವುದಿಲ್ಲ. ಇವನ್ನು ಅನುಭವಿ ವೆಲ್ಡರುಗಳಿಗೇ ಬಿಡಬೇಕು, ಅವರು ಕೇಳಿದ ಕೂಲಿ ಕೊಡಬೇಕು. ಐಟಿಐಗಳಲ್ಲಿ ವೆಲ್ಡರ್ ಟ್ರೇಡು ಒಂದು ವರ್ಷದ ಕಲಿಕೆ. ಬಿಟಿಎಂನಿಂದ ಕೂಗಳತೆಯ ಹೊಸೂರು ರಸ್ತೆಯಲ್ಲೇ ಸರ್ಕಾರಿ ಐಟಿಐ ಇದೆ. ಒಂದು ವರ್ಷ ದಿನವೂ ರಾಡು ಹಿಡಿದ ಕೈಗೂ ಭಾನುವಾರ ಹಿಡಿದ ಕೈಗೂ ಅಂತರ ಇದ್ದೇ ಇರುತ್ತದೆ. ಮತ್ತೆ, ಮನೆಯ ಮೀಟರಿನಲ್ಲಿ ಬಾಡಿಗೆಗೆ ಗ್ರಿಲ್ ಕೆಲಸ ಶುರು ಮಾಡುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ಬೇರೆ ಸಂಪರ್ಕ ಪಡೆಯಬೇಕು.

ಒಟ್ಟು 12,000 ರೂಪಾಯಿ ಇಟ್ಟುಕೊಂಡು ಹೊರಟವರಿಗೆ ನನ್ನ ಸಲಹೆ ಇದು. ಮಷಿನ್ನಿಗೆ 7,000 ಮೀರಬೇಡಿ. ಬೆನ್ನಿನ ತಗಡಿನ ಪಟ್ಟಿಯಲ್ಲಿ ಇಳಿಯುವ ಅಂಕಿಗಳಿರುವ, ಸರ್ವಿಸ್ ಊರಲ್ಲೇ ಇರುವ 140–160 ಆ್ಯಂಪ್ಸಿನದು ನೋಡಿ. ಉಳಿದದ್ದರಲ್ಲಿ ಮೊದಲು ಹೆಲ್ಮೆಟ್ಟು, ಗ್ಲೌಸು, ಆಮೇಲೆ 2.5 ಸ್ಕ್ವೇರ್ ಎಂಎಂ ಎಕ್ಸ್‌ಟೆನ್ಷನ್. ಆಮೇಲೆ ಎರಡು ಪೊಟ್ಟಣ ಹನ್ನೆರಡು ಗೇಜ್ ರಾಡು, ಚಿಪ್ಪಿಂಗ್ ಹ್ಯಾಮರ್, ವೈರ್ ಬ್ರಷ್. ಹಳೆಯ ಜಯನಗರದ ಮನೆಯವರು ಮಾತ್ರ ಈ ಪಟ್ಟಿಗೆ ಕೈ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮೀಟರ್ ಬೋರ್ಡು ತೆಗೆಸಿ ನೋಡಬೇಕು. ಮೊದಲ ಪೊಟ್ಟಣ ಪೂರ್ತಿ ಗುಜರಿಯಿಂದ ತಂದ ಪಟ್ಟಿ, ಆ್ಯಂಗಲ್ ತುಂಡುಗಳ ಮೇಲೆ ಖಾಲಿಯಾಗಲಿ. ವೆಲ್ಡ್ ಮಾಡಿದ ತುಂಡನ್ನು ವೈಸಿಗೆ ಕೊಟ್ಟು ಸುತ್ತಿಗೆಯಿಂದ ಬಗ್ಗಿಸಿ ನೋಡಿ: ಬೆಸುಗೆ ಬಿಟ್ಟುಕೊಂಡರೆ ಇನ್ನೂ ಅಭ್ಯಾಸ ಬೇಕು, ಕಬ್ಬಿಣವೇ ಬಗ್ಗಿದರೆ ಗೇಟಿನ ಹಿಂಜಿಗೆ ಕೈ ಹಾಕಬಹುದು.